ಊಟಕ್ಕೆ ಎಷ್ಟು ಜನ?

ಆ ಗುರುವಾರ ನಮ್ಮ ಮನೆಯಲ್ಲಿ ವಿಶೇಷವೇನೂ ನಡೆಯಲಿಲ್ಲ. ಬೆಳಿಗ್ಗೆ ಅಲ್ಲಾಳಸಂದ್ರ ಕೆರೆಗೆ ಎರಡು ಸುತ್ತು ಹಾಕಿ ಬಂದೆ. ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು. ಎಂದಿನಂತೆ ನಾನು ಒಂದೇ ಮುದ್ದೆ ಸಾಕು ಅಂದೆ. ಎಂದಿನಂತೆ ನನ್ನ ಹೆಂಡತಿ ಜಯಮ್ಮ ಒಂದು ಬಡಿಸಿ, ಅದು ಮುಗಿಯುವ ಹೊತ್ತಿಗೆ ಇನ್ನರ್ಧ ಮುದ್ದೆಯನ್ನು ಕೇಳದೆಯೇ ತಟ್ಟೆಗೆ ಹಾಕಿದಳು. ಬೇಡ ಅಂದೆ. ತಿಂದೆ. ಮೂವತ್ತಾರು ವರ್ಷದಿಂದ ಇದು ಹೀಗೇ ನಡೆದಿತ್ತು.

ಊಟವಾದ ಮೇಲೆ ಅವಳು ಹಾಲ್‌ನಲ್ಲಿ ಲ್ಯಾಪ್‌ಟಾಪ್ ಮುಂದೆ ಕುಳಿತಳು. ಇದರ ಹಿನ್ನೆಲೆ ಹೇಳಬೇಕು. ನಮ್ಮ ಬೀದಿ ಹಳೇ ಊರಿನದು. ಸುತ್ತ ಅಪಾರ್ಟ್‌ಮೆಂಟು ಎದ್ದಿದ್ದರೂ ಒಳಗಿನ ಜನ ಬದಲಾಗಿಲ್ಲ. ಯಾರ ಮನೆಯಲ್ಲಿ ನಾಮಕರಣ, ಬೀಗರೂಟ, ತಿಥಿ ಆದರೂ ಮೊದಲು ಬಂದು ಕೇಳುತ್ತಿದ್ದುದು ನಮ್ಮ ಜಯಮ್ಮನನ್ನು. ಇಷ್ಟು ಜನಕ್ಕೆ ಅಕ್ಕಿ ಎಷ್ಟು, ಬೇಳೆ ಎಷ್ಟು, ರಾಗಿಹಿಟ್ಟು ಎಷ್ಟು? ಅವಳು ಬಾಯಲ್ಲೇ ಹೇಳುತ್ತಿದ್ದಳು. ಉಳಿದದ್ದೂ ಇಲ್ಲ, ಸಾಲದೆ ಬಂದದ್ದೂ ಇಲ್ಲ. ಆದರೆ ಹಲ್ಲುಜ್ಜುವಾಗಲೂ ಫೋನು, ದೇವರಿಗೆ ದೀಪ ಹಚ್ಚುವಾಗಲೂ ಫೋನು. ಇದನ್ನು ನೋಡಿ ನಮ್ಮ ಮಹಡಿ ಮೇಲೆ ಬಾಡಿಗೆಗಿರುವ ಶೋಭಾ ಮೇಡಂ, ಅವರು ಶಾಲೆಯಲ್ಲಿ ಕಂಪ್ಯೂಟರ್ ಪಾಠ ಮಾಡುವವರು, ಒಂದು ಉಪಾಯ ಹೇಳಿದರು. ಆಂಟಿ, ಇದನ್ನೆಲ್ಲ ಒಂದು ಸಣ್ಣ ಪ್ರೋಗ್ರಾಮ್ ಮಾಡಿಬಿಡೋಣ, ಎಷ್ಟು ಜನ ಅಂತ ಅದೇ ಕೇಳುತ್ತೆ, ಅಳತೆ ಅದೇ ಹೇಳುತ್ತೆ ಅಂತ. ತಮ್ಮ ಹಳೇ ಲ್ಯಾಪ್‌ಟಾಪ್ ಕೊಟ್ಟರು, ಕನ್ನಡ ಟೈಪ್ ಮಾಡೋದು ತೋರಿಸಿಕೊಟ್ಟರು. ಪೈಥಾನ್, ಅಂದರೆ ಹೆಬ್ಬಾವು, ಅನ್ನುವ ಕಂಪ್ಯೂಟರ್ ಭಾಷೆ ಕಲಿಸಲು ಶುರುಮಾಡಿದರು. ಐವತ್ತೆಂಟು ವಯಸ್ಸಿನಲ್ಲಿ ನನ್ನ ಹೆಂಡತಿ ಅವರೆಕಾಯಿ ಸುಲಿಯುತ್ತಾ ಪ್ರೋಗ್ರಾಮ್ ಬರೆಯಲು ಕುಳಿತಳು.

ಆ ಗುರುವಾರ ಅವಳು ಮೊದಲ ಸಾಲು ಬರೆದು ನನ್ನನ್ನು ಕರೆದಳು. ಕಪ್ಪು ಪರದೆಯ ಮೇಲೆ ‘ಊಟಕ್ಕೆ ಎಷ್ಟು ಜನ?’ ಅಂತ ಮೂಡಿತು. ಪಕ್ಕದಲ್ಲಿ ಒಂದು ಸಣ್ಣ ಗೆರೆ ಕಣ್ಣು ಮಿಟುಕಿಸುತ್ತಾ ಕಾಯುತ್ತಿತ್ತು. ನಾನು ಒಂದು ಬೆರಳಲ್ಲಿ 2 ಒತ್ತಿ ಎಂಟರ್ ಹೊಡೆದೆ. ಏನೂ ಆಗಲಿಲ್ಲ. ಪ್ರೋಗ್ರಾಮ್ ಮುಗಿದೇ ಹೋಯಿತು.

“ಇದೇನೇ, ಕೇಳ್ತು, ಹೇಳಿದೆ, ಎದ್ದು ಹೋಯ್ತಲ್ಲ?”

“ಇವತ್ತು ಕೇಳೋದು ಕಲ್ತಿದೆ ಕಣ್ರೀ,” ಅಂದಳು. “ಹೇಳೋದು ನಾಳೆ ಕಲಿಸ್ತೀನಿ.”

ಶುಕ್ರವಾರ ಬೆಳಿಗ್ಗೆ ಹಾಲು ಕಾಯಿಸುವಾಗ ಅವಳು ಒಲೆಯ ಮುಂದೆಯೇ ಕುಸಿದಳು. ನಾನೂ ಶೋಭಾ ಮೇಡಮ್ಮೂ ಹೆಬ್ಬಾಳದ ಕಡೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸಂಜೆ ನಾವಷ್ಟೇ ಮನೆಗೆ ಬಂದೆವು.

ಇದಾಗಿ ಹನ್ನೊಂದು ತಿಂಗಳು ನಾನು ಆ ಲ್ಯಾಪ್‌ಟಾಪ್ ಮುಟ್ಟಲಿಲ್ಲ. ಮುಟ್ಟದೇ ಇದ್ದಿದ್ದರೆ ಈ ಬರಹಕ್ಕೆ ಕಾರಣವೂ ಇರುತ್ತಿರಲಿಲ್ಲ, ನಮ್ಮ ನೆಂಟರ ಮುಂದೆ ನನ್ನ ಮರ್ಯಾದೆಯೂ ಉಳಿಯುತ್ತಿತ್ತು.

ಜಯಮ್ಮನ ವರ್ಷದ ತಿಥಿ ಹತ್ತಿರ ಬಂತು. ಅಡುಗೆಗೆ ಸಿದ್ದಪ್ಪನಿಗೆ ಹೇಳಿದೆವು. ನಮ್ಮ ಕಡೆ ಎಲ್ಲ ಕಾರ್ಯಕ್ಕೂ ಅವನೇ. ಕೈ ಒಳ್ಳೆಯದು, ಅಳತೆ ಮಾತ್ರ ಅವನ ಮನಸ್ಸಿಗೆ ಬಂದಂತೆ. ಜಯಮ್ಮ ಬದುಕಿದ್ದ ತನಕ ತಾನು ಅಳತೆ ಹೇಳದೆ ಅವನಿಗೆ ಒಂದು ಕೊಳದಪ್ಪಲೆಯನ್ನೂ ಒಲೆಗೆ ಏರಿಸಲು ಬಿಟ್ಟವಳಲ್ಲ. ಈಗ ಅವಳ ತಿಥಿಗೇ ಸಿದ್ದಪ್ಪನ ಅಂದಾಜಿನ ಅಡುಗೆಯೇ? ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ, ಆದರೆ ಬಂತು. ಆ ಸಿಟ್ಟಿನಲ್ಲಿ, ಮಾಕಳಿಯಿಂದ ಬಂದಿದ್ದ ನಮ್ಮಕ್ಕ ಗೌರಮ್ಮನ ಮುಂದೆಯೂ ಸಿದ್ದಪ್ಪನ ಮುಂದೆಯೂ ಘೋಷಣೆ ಮಾಡಿಬಿಟ್ಟೆ: ಜಯಮ್ಮನ ತಿಥಿಗೆ ಜಯಮ್ಮನ ಅಳತೆಯಲ್ಲೇ ಅಡುಗೆ. ಅವಳು ಅರ್ಧಕ್ಕೆ ಬಿಟ್ಟ ಪ್ರೋಗ್ರಾಮನ್ನು ನಾನು ಮುಗಿಸುತ್ತೇನೆ. ಅದು ಹೇಳಿದಷ್ಟೇ ಅಕ್ಕಿ, ಅದು ಹೇಳಿದಷ್ಟೇ ಕಾಳು.

ಸಿದ್ದಪ್ಪ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸರಿಸಿ, ಆಗಲಿ ಯಜಮಾನ್ರೇ ಅಂದ. ಅಷ್ಟೇ. ಅದೇ ನನ್ನನ್ನು ಇನ್ನಷ್ಟು ಕೆರಳಿಸಿತು.

ಧೈರ್ಯಕ್ಕೇನೂ ಕೊರತೆ ಇರಲಿಲ್ಲ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ಯಶವಂತಪುರದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಬ್ಬಿಣ ಕಡೆಯುವ ಲೇತ್ ಮಿಷನ್ ಓಡಿಸಿದವನು. ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಕಣ್ಣಲ್ಲೇ ಹಿಡಿಯುತ್ತಿದ್ದವನು. ಜಯಮ್ಮನ ಅಳತೆಗಳೆಲ್ಲ ಅವಳ ನೋಟ್‌ಬುಕ್ಕಿನಲ್ಲಿ ಇದ್ದವು. ತಲೆಗೆ ಕಾರ್ಯದ ಮನೆಯ ಸಣ್ಣ ಮುದ್ದೆ ಎರಡು, ಅಕ್ಕಿ ನೂರು ಗ್ರಾಂ, ಹೀಗೆ. ಜನ ಎಷ್ಟು ಅಂತ ಕೇಳಬೇಕು, ಅದನ್ನು ಇದರಿಂದ ಗುಣಿಸಬೇಕು. ಎರಡನೇ ಕ್ಲಾಸಿನ ಲೆಕ್ಕ! ಶೋಭಾ ಮೇಡಂ ಅವಳಿಗೆ ಬರೆದುಕೊಟ್ಟಿದ್ದ ಪುಟ ನೋಡಿಕೊಂಡು ಎರಡು ಸಾಲು ಸೇರಿಸಿದೆ. ಪ್ರೋಗ್ರಾಮ್ ಓಡಿಸಿದೆ.

‘ಊಟಕ್ಕೆ ಎಷ್ಟು ಜನ?’

ಹನ್ನೊಂದು ತಿಂಗಳ ಮೇಲೆ ಅವಳ ಪ್ರಶ್ನೆ ನೋಡಿದೆ. ಆಮೇಲೆ ಸುಮ್ಮನೆ ಒಂದು ಅಂಕಿ ಇರಲಿ ಅಂತ 120 ಒತ್ತಿದೆ.

ಮುದ್ದೆ: 120120.

ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಒಂದು ಲಕ್ಷದ ಇಪ್ಪತ್ತು ಸಾವಿರದ ನೂರ ಇಪ್ಪತ್ತು ಮುದ್ದೆ! ಯಲಹಂಕದ ಅಷ್ಟೂ ಜನ ಚಪ್ಪಲಿ ಬಿಟ್ಟು ಒಳಗೆ ಬಂದರೂ ಮುಗಿಯುವ ಮಾತಲ್ಲ. ಅಕ್ಕಿಯ ಕಥೆ ಇನ್ನೂ ಘೋರ. 120120120 ಅಂತ ಶುರುವಾದ ತೂಕ ಪರದೆಯ ಬಲತುದಿ ಮುಟ್ಟಿ, ಕೆಳಗಿಳಿದು, ಮತ್ತೆ ಬಲತುದಿ ಮುಟ್ಟಿ, ಮತ್ತೆ ಕೆಳಗಿಳಿದಿತ್ತು. ಅಷ್ಟು ಗ್ರಾಂ ಅಕ್ಕಿ ಈ ಭೂಮಿಯ ಮೇಲೆ ಬೆಳೆದಿಲ್ಲ. ಬೆಳೆದರೆ ಭೂಮಿ ತಡೆಯುವುದಿಲ್ಲ.

ಲ್ಯಾಪ್‌ಟಾಪನ್ನು ಮಗುವಿನ ಹಾಗೆ ಎತ್ತಿಕೊಂಡು ಮಹಡಿ ಹತ್ತಿದೆ. ಶೋಭಾ ಮೇಡಂ ನೋಡಿ ನಕ್ಕರು. ಕಾರಣ ಹೇಳಿದರು. ಕೀಲಿಮಣೆಯಲ್ಲಿ ನಾವು ಏನೇ ಒತ್ತಲಿ, ಅದು ಅದನ್ನು ಬರೀ ಅಕ್ಷರ ಅಂತಲೇ ತಿಳಿಯುತ್ತದಂತೆ. ಇದು ಸಂಖ್ಯೆ ಅಂತ ನಾವು ಪ್ರತ್ಯೇಕವಾಗಿ ಹೇಳಬೇಕಂತೆ. ಹೇಳದಿದ್ದರೆ ಎರಡು ಪಟ್ಟು ಅಂದಾಗ ಎರಡು ಸಲ ಬರೆದಿಡುತ್ತದಂತೆ. ನೂರು ಪಟ್ಟು ಅಂದರೆ ನೂರು ಸಲ.

ನನಗೆ ಮೈಯೆಲ್ಲ ಉರಿಯಿತು. ಎಷ್ಟು ಜನ ಅಂತ ಕೇಳುವುದು ತಾನೇ! ನೂರ ಇಪ್ಪತ್ತು ಅಂದರೆ, ಹೌದಾ, ಅದು ಸಂಖ್ಯೆಯಾ ಅಂತ ಅನುಮಾನ ಪಡುವುದೂ ತಾನೇ! ಇಂಥ ವಸ್ತುವನ್ನು ನಂಬಿ ಜನ ವಿಮಾನ ಹಾರಿಸುತ್ತಾರೆ. ಇಷ್ಟನ್ನೂ ಮೇಡಂ ಮುಂದೆ ಹೇಳಿ, ಅವರು ಕೊಟ್ಟ ಟೀ ಕುಡಿದು, ಅವರು ಹೇಳಿದಂತೆ ‘ಇಂಟ್’ ಅನ್ನುವ ಒಂದು ಪದವನ್ನು ಪ್ರಶ್ನೆಯ ಮುಂದೆ ಸೇರಿಸಿದೆ. ಆಗ ಮುದ್ದೆ ಇನ್ನೂರ ನಲವತ್ತಕ್ಕೆ ಇಳಿಯಿತು. ಭೂಮಿ ಉಳಿಯಿತು.

ಈಗ ಪರೀಕ್ಷೆ ಆಗಬೇಕಿತ್ತು. ನೆಂಟರನ್ನು ಕರೆಯುವ ಜವಾಬ್ದಾರಿ ಗೌರಕ್ಕನದು. ಮಾಕಳಿ ಕಡೆಯವರು, ನಮ್ಮ ಬೀದಿಯವರು, ಜಯಮ್ಮನ ತವರಿನವರು, ಎಲ್ಲ ಅವಳಿಗೇ ಗೊತ್ತು. ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಅಕ್ಕಾ, ಇದು ಕೇಳುವುದಕ್ಕೆ ಉತ್ತರ ಹೇಳು ಅಂದೆ. ಅವಳು ಪ್ರಶ್ನೆ ಓದಿ ನನ್ನ ಮುಖ ನೋಡಿದಳು.

“ಉಣ್ಣಕ್ಕೆ ಬರೋರ್ನ ಯಾರಾದ್ರೂ ಎಣಿಸ್ತಾರೇನೋ? ತಲೆ ಎಣಿಸಬಾರ್ದು ಕಣೋ, ಏಳ್ಗೆ ಆಗಲ್ಲ.”

ಎಣಿಸುವುದು ಬೇಡ, ಅಂದಾಜು ಹೇಳು ಅಂದೆ. ಅವಳು ಬಹಳ ಹೊತ್ತು ಯೋಚಿಸಿ, ನಮ್ಮೋರೇ ಒಂದಷ್ಟು ಜನ ಅಂದಳು. ಅಂಕಿಯಲ್ಲಿ ಹೇಳು ಅಂದೆ. ನೂರು ನೂರೈವತ್ತು ಅಂದಳು. ನಾನು ಸಿಟ್ಟಿನಲ್ಲಿ ಅದನ್ನೇ ಹಾಗೇ ಟೈಪ್ ಮಾಡಿ ಎಂಟರ್ ಹೊಡೆದೆ. ಪರದೆಯ ತುಂಬ ಕೆಂಪು ಅಕ್ಷರದಲ್ಲಿ ಇಂಗ್ಲಿಷ್ ಸುರಿಯಿತು. ಕೊನೆಯಲ್ಲಿ ‘ವ್ಯಾಲ್ಯೂ ಎರರ್’ ಅಂತ ಷರಾ.

“ಇದ್ಯಾಕೋ ಇಂಗೆ ಬೈತಾ ಐತೆ?” ಅಂತ ಅಕ್ಕ ಎದ್ದೇ ಬಿಟ್ಟಳು. “ನಾನೇನಂದೆ ಅದಕ್ಕೆ?”

ಅಕ್ಕನ ಪರವಾಗಿ ನನಗೂ ಅವಮಾನವಾಯಿತು. ಮನೆಗೆ ಬಂದ ಹೆಣ್ಣುಮಗಳು, ಅದೂ ಹಿರಿಯಳು, ಕೇಳಿದ್ದಕ್ಕೆ ಉತ್ತರ ಹೇಳಿದರೆ ಕೆಂಪು ಅಕ್ಷರದಲ್ಲಿ ಬೈಯುವ ಪದ್ಧತಿ ನಮ್ಮ ಮನೆಯಲ್ಲಿ ಇಲ್ಲ. ಆಮೇಲೆ ನಾನೊಬ್ಬನೇ ಕುಳಿತು ಅದಕ್ಕೆ ಏನು ಹಿಡಿಸುತ್ತದೆ, ಏನು ಹಿಡಿಸುವುದಿಲ್ಲ ಅಂತ ಒಂದೊಂದೇ ಬಡಿಸಿ ನೋಡಿದೆ. ‘ನೂರ ಇಪ್ಪತ್ತು’ ಅಂತ ಅಕ್ಷರದಲ್ಲಿ ಬರೆದರೆ ಬೈಗುಳ. ‘120 ಜನ’ ಅಂದರೆ ಬೈಗುಳ. ಜನ ಅಲ್ಲದೆ ಊಟಕ್ಕೆ ದನ ಬರುತ್ತವೆಯೇ? ಆದರೂ ಬೈಗುಳ. ಸೋಲುವ ಮುನ್ನ ಒಂದು ಕೊನೆಯ ಕೈ ನೋಡೋಣ ಅಂತ ‘೧೨೦’ ಅಂತ ಕನ್ನಡದ ಅಂಕಿಯಲ್ಲಿ ಹಾಕಿದೆ. ಇದಂತೂ ಖಂಡಿತ ಸಾಯುತ್ತದೆ ಅಂತ ಕಣ್ಣು ಮುಚ್ಚಿ ಎಂಟರ್ ಒತ್ತಿದೆ.

ಮುದ್ದೆ: 240.

ತಕರಾರಿಲ್ಲದೆ ಒಪ್ಪಿಕೊಂಡಿತ್ತು! ನಮ್ಮ ಬಸ್ಸಿನ ನಂಬರನ್ನು ಕನ್ನಡದಲ್ಲಿ ಬರೆದರೆ ಓದಲು ಒದ್ದಾಡುವ ಜನ ಇರುವ ಊರಲ್ಲಿ, ಈ ಹೆಬ್ಬಾವಿಗೆ ಕನ್ನಡದ ಅಂಕಿ ಬರುತ್ತದೆ. ಆ ದಿನ ಅದರ ಮೇಲಿನ ಸಿಟ್ಟು ಅರ್ಧ ಇಳಿಯಿತು. ಇಳಿಯಬಾರದಿತ್ತು.

ತಪ್ಪು ಉತ್ತರ ಬಂದರೆ ಬೈಯದೆ ಮತ್ತೆ ಕೇಳುವಂತೆ ಮಾಡಬಹುದಾ ಅಂತ ಶೋಭಾ ಮೇಡಂ ಅವರನ್ನು ವಿಚಾರಿಸಿದೆ. ಮಾಡಬಹುದು ಅಂಕಲ್, ಸರಿಯಾದ ಸಂಖ್ಯೆ ಬರುವ ತನಕ ಸುತ್ತುತ್ತಾ ಇರು ಅಂತ ಹೇಳಬೇಕು, ಬಂದ ಮೇಲೆ ನಿಲ್ಲು ಅಂತಲೂ ಹೇಳಬೇಕು ಅಂದರು. ಎರಡನ್ನೂ ಚೀಟಿಯಲ್ಲಿ ಬರೆದುಕೊಟ್ಟರು. ಮೂವತ್ತು ವರ್ಷ ಡ್ರಾಯಿಂಗ್ ನೋಡಿ ಕೆಲಸ ಮಾಡಿದ ನಾನು, ಚೀಟಿಯ ಮೊದಲ ಅರ್ಧ ನೋಡಿ ಬರೆದೆ. ಎರಡನೇ ಅರ್ಧ ಚೀಟಿಯ ಹಿಂಬದಿಯಲ್ಲಿತ್ತು.

‘ಊಟಕ್ಕೆ ಎಷ್ಟು ಜನ?’ 120. ‘ಊಟಕ್ಕೆ ಎಷ್ಟು ಜನ?’ ಹೇಳಿದೆನಲ್ಲ, 120. ‘ಊಟಕ್ಕೆ ಎಷ್ಟು ಜನ?’

ಸರಿಯಾದ ಉತ್ತರ ಕೊಟ್ಟರೂ ಮತ್ತೆ ಕೇಳುತ್ತದೆ. ನಾನು ಬಿಡಲಿಲ್ಲ. ಕೇಳುವವರಿಗೆ ಬೇಸರವಾಗಬೇಕೇ ಹೊರತು ಹೇಳುವವನಿಗಲ್ಲ ಅಂತ ಹಟ ಹಿಡಿದು ನಲವತ್ತು ಸಲ ಉತ್ತರ ಕೊಟ್ಟೆ. ಮೊದಲು ಬೈದುಕೊಂಡು ಕೊಟ್ಟೆ. ಆಮೇಲೆ ಯಾವಾಗಲೋ ಬೈಯುವುದು ನಿಂತಿತ್ತು. ಅಕ್ಷರಗಳನ್ನು ಜೋಡಿಸಿದ್ದು ಅವಳು. ‘ಊಟಕ್ಕೆ’ ಅಂತ ಬರೆದು ಒಂದು ಜಾಗ ಹೆಚ್ಚಿಗೆ ಬಿಟ್ಟಿದ್ದೂ ಅವಳೇ. ಅಡುಗೆಮನೆಯಿಂದ ಅವಳು ಏನಾದರೂ ಕೇಳಿದರೆ ನಾನು ಪೇಪರ್ ಓದುತ್ತಾ ಎರಡನೇ ಸಲಕ್ಕೋ ಮೂರನೇ ಸಲಕ್ಕೋ ಹೂಂ ಅನ್ನುತ್ತಿದ್ದೆ. ಈಗ ಒಂದಕ್ಕೂ ತಪ್ಪದೆ ಉತ್ತರ ಕೊಟ್ಟುಕೊಂಡು ಕುಳಿತಿದ್ದೆ. ಕೊನೆಗೆ ಗೌರಕ್ಕ ಬಂದು, ಏನೋ ಅದು, ಜಪ ಮಾಡ್ತಿದೀಯಾ ಅಂತ ಕೇಳಿದ ಮೇಲೆ ಚೀಟಿ ತಿರುಗಿಸಿ ನೋಡಿದೆ.

ಅಂತೂ ಪ್ರೋಗ್ರಾಮ್ ಪೂರ್ತಿಯಾಯಿತು. ತಿಥಿಯ ಮುಂಚಿನ ದಿನ ಮಧ್ಯಾಹ್ನ, ಗೌರಕ್ಕ ಮತ್ತು ಸಿದ್ದಪ್ಪನ ಸಮಕ್ಷಮದಲ್ಲಿ ಅಧಿಕೃತವಾಗಿ ಓಡಿಸಿದೆ. ಅಕ್ಕನಿಂದ ಒಂದು ಅಂಕಿ ಹೊರಡಿಸಲು ಅರ್ಧ ಗಂಟೆ ಹಿಡಿಯಿತು. ಕೊನೆಗೆ, ಬರೆದುಕೋ, ನೂರಿಪ್ಪತ್ತು, ಅಂತ ದೇವರ ಫೋಟೋ ಕಡೆ ನೋಡಿಕೊಂಡು ಹೇಳಿದಳು. ಒತ್ತಿದೆ. ಮುದ್ದೆ ಇನ್ನೂರ ನಲವತ್ತು, ಅಕ್ಕಿ ಹನ್ನೆರಡು ಕೆ.ಜಿ., ಅವರೆಕಾಳು, ಬೆಲ್ಲ, ಶಾವಿಗೆ, ಎಲ್ಲ ಸಾಲಾಗಿ ಬಂತು. ಪ್ರಿಂಟ್ ತೆಗೆಸಿ ಸಿದ್ದಪ್ಪನ ಕೈಗಿಟ್ಟೆ. ಅವನು ಕಾಗದವನ್ನು ದೂರ ಹಿಡಿದು ಓದಿದ. ಅಕ್ಕನ ಮುಖ ನೋಡಿದ. ಆಮೇಲೆ ನನ್ನ ಮುಖ.

“ಯಜಮಾನ್ರೇ, ಎಲ್ಲದಕ್ಕೂ ಒಂದಷ್ಟು ಮೇಲಿಡ್ಲಾ?”

“ಒಂದು ಕಾಳು ಮೇಲಿಡಬಾರ್ದು,” ಅಂದೆ. “ಇದು ನಿನ್ನ ಅಂದಾಜಲ್ಲ. ಜಯಮ್ಮನ ಅಳತೆ.”

ಇಷ್ಟು ಗಟ್ಟಿಯಾಗಿ ನಾನು ಮದುವೆಯಲ್ಲೂ ಮಾತಾಡಿರಲಿಲ್ಲ.

ತಿಥಿಯ ದಿನ ಮನೆ ಮುಂದೆ ಶಾಮಿಯಾನ ಹಾಕಿಸಿದ್ದೆವು. ಎಡೆ ಇಟ್ಟು ಪೂಜೆಯಾಯಿತು. ಪಂಕ್ತಿಗೆ ಅರವತ್ತು ಎಲೆ. ಮೊದಲ ಪಂಕ್ತಿ ಎದ್ದಿತು. ಅವರೆಕಾಳು ಸಾರಿನ ವಾಸನೆಗೆ ನನಗೇ ಎದೆ ತುಂಬಿ ಬಂತು. ಎರಡನೇ ಪಂಕ್ತಿ ಕುಳಿತಾಗ ನಾನು ಶೋಭಾ ಮೇಡಂ ಹತ್ತಿರ ಹೋಗಿ, ನೋಡಿದ್ರಾ, ಹೇಗಿದೆ ಲೆಕ್ಕ ಅಂದೆ. ಅವರು ಗೇಟಿನ ಕಡೆ ನೋಡುತ್ತಿದ್ದರು. ನಾನೂ ನೋಡಿದೆ. ಮಾಕಳಿಯಿಂದ ಎರಡು ಟೆಂಪೋ ಆಗ ತಾನೇ ಬಂದು ನಿಂತಿದ್ದವು. ಹಿಂದೆಯೇ ಜಯಮ್ಮನ ತವರಿನವರು ಯಲಹಂಕ ಸ್ಟೇಷನ್ನಿನಿಂದ ಮಕ್ಕಳು ಮರಿ ಸಮೇತ ಆಟೋಗಳಲ್ಲಿ ಇಳಿಯುತ್ತಿದ್ದರು.

ಮೂರನೇ ಪಂಕ್ತಿಗೆ ಎಲೆ ಹಾಕುವಾಗ ಸಿದ್ದಪ್ಪ ಸೌಟಿನಿಂದ ದಬರಿಯ ತಳ ಕೆರೆಯುವ ಸದ್ದು ಬೀದಿಗೆಲ್ಲ ಕೇಳಿಸಿತು. ಮುದ್ದೆ ಮುಗಿದಿತ್ತು. ಅನ್ನ ಮುಗಿದಿತ್ತು. ಪಾಯಸದ ಪಾತ್ರೆಯಲ್ಲಿ ಎರಡು ದ್ರಾಕ್ಷಿ ಇದ್ದವು. ಲೆಕ್ಕ ಅಷ್ಟು ಕರಾರುವಾಕ್ಕು! ನಾನು ಸಿದ್ದಪ್ಪನ ಹತ್ತಿರ ಓಡಿದೆ. ಅವನು ಹೆಗಲ ಮೇಲಿನ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು, ಜೇಬಿನಿಂದ ನನ್ನ ಪ್ರಿಂಟ್ ತೆಗೆದು ನನಗೇ ವಾಪಸ್ ಕೊಟ್ಟ.

ಶೋಭಾ ಮೇಡಂ ಮಹಡಿಗೆ ಓಡಿದರು. ಅಂಗಡಿಯಿಂದ ರವೆ ಬಂತು. ಬೀದಿಯ ನಾಲ್ಕು ಮನೆಗಳಲ್ಲಿ ಒಲೆ ಹತ್ತಿತು. ಎಲೆಯ ಮುಂದೆ ಮುಕ್ಕಾಲು ಗಂಟೆ ಕಾದು ಕುಳಿತ ಮೂರನೇ ಪಂಕ್ತಿ ಉಪ್ಪಿಟ್ಟು ತಿಂದಿತು. ನಾಲ್ಕನೆಯ, ಅರ್ಧ ತುಂಬಿದ ಪಂಕ್ತಿ ಕೂಡ ಉಪ್ಪಿಟ್ಟೇ ತಿಂದಿತು. ವರ್ಷದ ತಿಥಿಗೆ ಬಾಳೆ ಎಲೆಯಲ್ಲಿ ಉಪ್ಪಿಟ್ಟು ಬಡಿಸಿದ ಮನೆ ನಮ್ಮ ಕಡೆ ಇನ್ನೊಂದಿಲ್ಲ. ಎಲ್ಲರೂ ತಿಂದು ಎಲೆ ಮಡಚಿ ಎದ್ದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಜಯಮ್ಮನ ಚಿಕ್ಕಪ್ಪ ಮಾತ್ರ ಕೈ ತೊಳೆಯುವಾಗ, ನಮ್ಮ ಜಯನ ಮನೇಲಿ ಹೀಗಾಯ್ತಲ್ಲ ಅಂತ ತಮಗೆ ತಾವೇ ಹೇಳಿಕೊಂಡರು. ನನಗೆ ಕೇಳಿಸಿತು.

ತಲೆ ಎಣಿಸಬಾರದು, ಆದರೆ ಎಲೆ ಎಣಿಸಬಹುದು. ಸಂಜೆ ಎಣಿಸಿದೆ. ಇನ್ನೂರ ಹದಿನಾಲ್ಕು.

ಎಲ್ಲ ಹೋದ ಮೇಲೆ ನನ್ನ ಸಿಟ್ಟಿಗೆ ದಾರಿ ಬೇಕಿತ್ತು. ಪ್ರೋಗ್ರಾಮ್ ಕೈಕೊಟ್ಟಿತು ಅಂದೆ. ಇಲ್ಲ ಅಂಕಲ್, ಅದು ಸರಿಯಾಗೇ ಕೆಲಸ ಮಾಡಿದೆ, ಕೇಳಿದ್ದಕ್ಕೆ ಏನು ಹೇಳಿದರೋ ಅದನ್ನು ನಂಬಿದೆ ಅಷ್ಟೇ ಅಂತ ಶೋಭಾ ಮೇಡಂ ಮೆಲ್ಲಗೆ ಹೇಳಿದರು. ಹಾಗಾದರೆ ಅಪರಾಧಿ ಸ್ಪಷ್ಟ. ಗೌರಕ್ಕ ಜಗುಲಿಯಲ್ಲಿ ಕಾಲು ಚಾಚಿ ಕುಳಿತಿದ್ದಳು. ಹೋಗಿ ಎದುರಿಗೆ ನಿಂತೆ. ನೂರಿಪ್ಪತ್ತು ಅಂದೆಯಲ್ಲ ಅಕ್ಕ, ಇನ್ನೂರು ದಾಟಿತಲ್ಲ ಅಂದೆ.

ಅವಳಿಗೆ ನಾಚಿಕೆಯೇನೂ ಆಗಲಿಲ್ಲ. ಆಶ್ಚರ್ಯವಾಯಿತು.

“ಬಾಯಲ್ಲಿ ಕಮ್ಮಿ ಏಳ್ಬೇಕು, ಒಲೆ ಮೇಲೆ ಜಾಸ್ತಿ ಇಡ್ಬೇಕು. ಇಷ್ಟೂ ಗೊತ್ತಿಲ್ವೇನೋ ನಿಂಗೆ? ಬರೋರ್ನೆಲ್ಲ ಪೂರ್ತಿ ಲೆಕ್ಕ ಏಳ್ಬಿಟ್ರೆ ದೃಷ್ಟಿ ಆಗಲ್ವಾ? ನಾನು ಯಾವತ್ತೂ ಸರಿಯಾಗಿ ಏಳ್ದೋಳೇ ಅಲ್ಲ. ಯಾರೂ ಏಳಲ್ಲ.”

“ಮತ್ತೆ ಜಯಮ್ಮನಿಗೂ ಹೀಗೇ ಹೇಳ್ತಿದ್ರಾ?”

“ಊಂ. ಅವಳು ನಮ್ಮ ಮುಖ ನೋಡೋಳು, ಆಮೇಲೆ ಅಳತೆ ಏಳೋಳು.”

ಅರವತ್ತೆರಡು ವರ್ಷ ಇದೇ ಬೀದಿಯಲ್ಲಿ ಹುಟ್ಟಿ, ಬೆಳೆದು, ಲೆಕ್ಕವಿಲ್ಲದಷ್ಟು ಎಲೆಗಳ ಮುಂದೆ ಕುಳಿತು ಉಂಡವನು ನಾನು. ಬೀದಿಯ ಹೆಂಗಸರಿಗೆಲ್ಲ ಗೊತ್ತಿದ್ದ, ಸಿದ್ದಪ್ಪನಿಗೂ ಗೊತ್ತಿದ್ದ ಈ ಒಂದು ವಿಷಯ ನನಗೆ ಗೊತ್ತಿರಲಿಲ್ಲ. ಕಂಪ್ಯೂಟರಿಗೂ ಗೊತ್ತಿರಲಿಲ್ಲ. ಇಡೀ ಅಲ್ಲಾಳಸಂದ್ರದಲ್ಲಿ ಗೌರಕ್ಕನ ಮಾತನ್ನು ಹೇಳಿದ್ದು ಹೇಳಿದ ಹಾಗೆ ನಂಬಿದವರು ನಾವಿಬ್ಬರೇ.

ಅವಳು ಎಷ್ಟು ಸೇರಿಸುತ್ತಿದ್ದಳು ಅಂತ ಕೇಳಿದೆ. ಗೌರಕ್ಕನಿಗೆ ಗೊತ್ತಿಲ್ಲ. ಸಿದ್ದಪ್ಪನನ್ನು ಫೋನಿನಲ್ಲಿ ಕೇಳಿದೆ. ಒಬ್ಬೊಬ್ಬರಿಗೆ ಒಂದೊಂದು ಥರ ಯಜಮಾನ್ರೇ, ಕೆಲವರಿಗೆ ಕಳೆಯೋರು ಕೂಡ, ಅಂದ. ನೋಟ್‌ಬುಕ್ಕನ್ನು ಮೊದಲಿನಿಂದ ಕೊನೆಯ ತನಕ ಹುಡುಕಿದೆ. ಅಕ್ಕಿ ಇದೆ, ಬೇಳೆ ಇದೆ, ಬೆಲ್ಲಕ್ಕೆ ಏಲಕ್ಕಿ ಎಷ್ಟು ಅಂತಲೂ ಇದೆ. ಯಾರ ಮಾತಿಗೆ ಎಷ್ಟು ಸೇರಿಸಬೇಕು ಅಂತ ಎಲ್ಲೂ ಬರೆದಿಲ್ಲ. ಬರೆಯುವಂಥದ್ದು ಅಂತ ಅವಳಿಗೆ ಅನ್ನಿಸಿರಲಿಕ್ಕಿಲ್ಲ.

ನಾಳೆ ಕಲಿಸ್ತೀನಿ ಅಂದಿದ್ದಳು. ಏನನ್ನು ಕಲಿಸುತ್ತಿದ್ದಳೋ!

ಪ್ರೋಗ್ರಾಮನ್ನು ಅಳಿಸಿಲ್ಲ. ಆಗಾಗ ತೆರೆಯುತ್ತೇನೆ. ಊಟಕ್ಕೆ ಎಷ್ಟು ಜನ ಅಂತ ಕೇಳುತ್ತದೆ. 1 ಅಂತ ಒತ್ತುತ್ತೇನೆ. ನಂಬುತ್ತದೆ.

ಮಧ್ಯಾಹ್ನ ಈಗ ನಾನೇ ಮುದ್ದೆ ಕಟ್ಟಿಕೊಳ್ಳುತ್ತೇನೆ. ಆಕಾರ ಲೇತ್ ಮಿಷನ್ನಿನಲ್ಲಿ ತಿರುವಿದ ಹಾಗೆ ಗುಂಡಗೆ ಬರುತ್ತದೆ, ಒಳಗೆ ಮಾತ್ರ ಹಸಿ ಹಿಟ್ಟಿನ ಗಂಟು. ಒಂದೇ ಸಾಕು ಅಂತ ಒಂದೇ ಕಟ್ಟುತ್ತೇನೆ. ಒಂದು ಸಾಲುವುದಿಲ್ಲ. ಆ ಅರ್ಧ ಮುದ್ದೆ ಇಲ್ಲ.